ಒಂದೇ ಚಿತ್ರಕ್ಕೆ ಒಂದು ಮ್ಯೂಸಿಯಂ: ದರಿಯಾ ದೌಲತ್‌ನ ಗೋಡೆಯನ್ನು ಮಕ್ಕಳಿಗೆ ಹೇಗೆ ತೋರಿಸೋದು?

ಕುಂಚ ಮೈಸೂರು:
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಒಂದು ಸಲಹೆ ಬೇಕಿತ್ತು. ಅದಕ್ಕೂ ಮುಂಚೆ ಈ ಯೋಚನೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಜರ್ಮನಿಯಲ್ಲಿ ಬಾಡ್ ಫ್ರಾಂಕೆನ್‌ಹೌಸೆನ್ ಅಂತ ಒಂದು ಸಣ್ಣ ಊರು. ಊರಾಚೆ ಗುಡ್ಡದ ಮೇಲೆ ಕಿಟಕಿಯೇ ಇಲ್ಲದ ಒಂದು ದುಂಡನೆಯ ಕಟ್ಟಡ ಇದೆ. ಒಳಗೆ ಗೋಡೆ ಸುತ್ತ ಒಂದೇ ಚಿತ್ರ. ಎತ್ತರ 14 ಮೀಟರ್, ಉದ್ದ 123 ಮೀಟರ್. ಅದರಲ್ಲಿ 3,000ಕ್ಕೂ ಜಾಸ್ತಿ ಜನ ಇದ್ದಾರೆ. ಬರೆದವನು ವೆರ್ನರ್ ಟ್ಯೂಬ್ಕೆ. 1983ರಲ್ಲಿ ಕ್ಯಾನ್ವಾಸ್ ಮೇಲೆ ಕೈ ಇಟ್ಟವನು 1987ರಲ್ಲಿ ಮುಗಿಸಿದ. ಜೊತೆಗೆ ಕೆಲವು ಸಹಾಯಕರಿದ್ದರು. ಆದರೂ ಬಹುಪಾಲು ಅವನ ಕೈಯದೇ. ಅದಕ್ಕೂ ಮುಂಚೆ ಹತ್ತನೇ ಒಂದು ಅಳತೆಯಲ್ಲಿ ಪೂರ್ತಿ ಚಿತ್ರವನ್ನು ಒಂದು ಸಲ ಬರೆದು ನೋಡಿಕೊಂಡಿದ್ದ.

ಅದೇ ಗುಡ್ಡದ ಮೇಲೆ 1525ರ ಮೇ 15ರಂದು ಜರ್ಮನಿಯ ರೈತರ ದಂಗೆಯ ಕೊನೆಯ ದೊಡ್ಡ ಕಾಳಗಗಳಲ್ಲಿ ಒಂದು ನಡೆಯಿತು. ಥಾಮಸ್ ಮ್ಯೂಂಟ್ಸರ್ ಎಂಬ ಪಾದ್ರಿಯ ಹಿಂದೆ ನಿಂತಿದ್ದ ಸಾವಿರಾರು ರೈತರು ಸತ್ತರು. ಆಗಿನ ಪೂರ್ವ ಜರ್ಮನಿಯ ಸರ್ಕಾರಕ್ಕೆ ಆ ದಂಗೆಯನ್ನು ಕೊಂಡಾಡುವ ಚಿತ್ರ ಬೇಕಿತ್ತು. ಟ್ಯೂಬ್ಕೆ ಬರೆದದ್ದು ಬೇರೆಯೇ. ಯುದ್ಧದ ನಡುವೆ ಮ್ಯೂಂಟ್ಸರ್ ನಿಂತಿದ್ದಾನೆ, ಕೈಯಲ್ಲಿದ್ದ ಬಾವುಟ ಕೆಳಗೆ ಬಾಗಿದೆ, ತಲೆಯ ಮೇಲೆ ಕಾಮನಬಿಲ್ಲು. ಸೋತೆವು ಅನ್ನೋದು ಅವನಿಗೆ ಆಗಲೇ ಗೊತ್ತಾಗಿದೆ. ಇಡೀ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಜಾಗ ಅದು.

ನಮ್ಮ ಕಡೆ ಇಂಥದ್ದು ಏನಿದೆ ಅಂತ ಯೋಚಿಸಿದಾಗ ನನಗೆ ತಕ್ಷಣ ತೋಚಿದ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ದರಿಯಾ ದೌಲತ್, ಟಿಪ್ಪುವಿನ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಆದರೆ ಸುಮ್ನೆ ಒಂದು ಸುತ್ತು ಹಾಕಿಸಿ, ಚುರುಮುರಿ ತಿನ್ನಿಸಿ ವಾಪಸ್ ಕರೆತರೋದು ಬೇಡ. ಆ ಒಂದೇ ಗೋಡೆಯ ಮುಂದೆ ಅವರನ್ನು ಒಂದು ಗಂಟೆ ನಿಲ್ಲಿಸಬೇಕು. ಏನು ತೋರಿಸಲಿ? ಗೊತ್ತಿರುವವರು ದಯವಿಟ್ಟು ಬರೆಯಿರಿ.

ಇನ್ನೊಂದು ಕೋರಿಕೆ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಚರ್ಚೆಗೆ ಬೇರೆ ಕಡೆ ಬೇಕಾದಷ್ಟು ಜಾಗ ಇದೆ. ಇಲ್ಲಿ ಚಿತ್ರದ ಬಗ್ಗೆ ಮಾತಾಡೋಣ.

ಗಂಜಾಂ ಹುಡುಗ:
ಮೇಡಂ, ಖಂಡಿತ ಬನ್ನಿ. ನಮ್ಮ ಮನೆಯಿಂದ ದರಿಯಾ ದೌಲತ್‌ಗೆ ನಡೆದೇ ಹೋಗಬಹುದು. ಹೊರಗಿನವರು ಬಂದು ಹೂತೋಟದಲ್ಲಿ ಫೋಟೋ ತೆಗೆಸಿಕೊಂಡು, ಜಗಲಿ ಮೇಲೆ ಒಂದು ಸುತ್ತು ಬಂದು ಹೊರಟುಬಿಡುತ್ತಾರೆ. ಗೋಡೆಯ ಮುಂದೆ ನಿಲ್ಲುವವರು ಕಡಿಮೆ. ನೋಡಿದಾಗೆಲ್ಲ ಬೇಜಾರಾಗುತ್ತೆ.

ಒಂದು ವಿಷಯ ತಿಳಿದಿರಲಿ. ಅದು ಪಡುವಣ ಗೋಡೆ ಆದ್ದರಿಂದ ಮಧ್ಯಾಹ್ನದ ಮೇಲೆ ಬಿಸಿಲು ಆ ಕಡೆ ತಿರುಗುತ್ತೆ. ಚಿತ್ರಕ್ಕೆ ಬಿಸಿಲು ತಾಗಬಾರದು ಅಂತ ಜಗಲಿ ಸುತ್ತ ಪರದೆ ಇಳಿಬಿಟ್ಟಿರುತ್ತಾರೆ. ಒಳಗೆ ಬೆಳಕು ಮಂದ. ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಮಂಡ್ಯ ಮೇಷ್ಟ್ರು:
ನಾನು ಚರಿತ್ರೆ ಪಾಠ ಮಾಡಿ ನಿವೃತ್ತನಾದವನು. ಈ ಗೋಡೆಯ ಮುಂದೆ ತುಂಬಾ ಮಕ್ಕಳನ್ನು ನಿಲ್ಲಿಸಿದ್ದೇನೆ. ನನಗೆ ಗೊತ್ತಿರುವಷ್ಟು ಬರೆಯುತ್ತೇನಮ್ಮ.

ದರಿಯಾ ದೌಲತ್ 1784ರದ್ದು. ಹೆಚ್ಚಿನ ಕೆಲಸ ತೇಗದ ಮರದಲ್ಲಿ. ಪಶ್ಚಿಮದ ಬಾಗಿಲಿನ ಒಂದು ಕಡೆ ಹೈದರ್ ಮತ್ತು ಟಿಪ್ಪು ಸೈನ್ಯದೊಡನೆ ಮೆರವಣಿಗೆ ಹೊರಟಿರುವ ಚಿತ್ರ. ಇನ್ನೊಂದು ಕಡೆ ಪೊಲ್ಲಿಲೂರು. ಈ ಯುದ್ಧ ನಡೆದದ್ದು 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ. ಕರ್ನಲ್ ವಿಲಿಯಂ ಬೇಲಿಯ ಈಸ್ಟ್ ಇಂಡಿಯಾ ಕಂಪನಿ ಸೈನ್ಯವನ್ನು ಮೈಸೂರಿನವರು ಸುತ್ತುವರಿದು ಸೋಲಿಸಿದರು.

ಮಕ್ಕಳಿಗೆ ಮೊದಲು ಚಿತ್ರದ ನಡುಭಾಗ ತೋರಿಸಿ. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ. ಆ ಚೌಕದೊಳಗೆ ಒಂದು ಪಲ್ಲಕ್ಕಿ. ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ, ಬೆರಳು ಬಾಯಿಗಿಟ್ಟುಕೊಂಡು ಕೂತಿದ್ದಾನೆ. ಹತ್ತಿರದಲ್ಲೇ ಮದ್ದಿನ ಬಂಡಿ ಸಿಡಿಯುತ್ತಿದೆ. ಆ ಸಿಡಿತವೇ ಯುದ್ಧದ ದಿಕ್ಕು ಬದಲಿಸಿತು. ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಅವನನ್ನು ಹುಡುಕೋದು ಮಕ್ಕಳಿಗೆ ಬಲು ಖುಷಿ. ನಾನು ತೋರಿಸುತ್ತಲೇ ಇರಲಿಲ್ಲ, ಅವರೇ ಹುಡುಕಲಿ ಅಂತ ಬಿಡುತ್ತಿದ್ದೆ.

ಆಮೇಲೆ ಅವರನ್ನು ಬೇಲಿಯ ಸ್ಮಾರಕಕ್ಕೆ ಕರೆದುಕೊಂಡು ಹೋಗಿ. ಅವನು ಸೆರೆಯಲ್ಲೇ 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡ. ಹೈದರ್, ಟಿಪ್ಪು ಸಮಾಧಿ ಇರುವ ಗುಂಬಜ್ ಹತ್ತಿರ ಅವನ ಹೆಸರಿನ ಸ್ಮಾರಕ ಇದೆ. 1816ರಲ್ಲಿ ಅವನ ಸಂಬಂಧಿಕ ಕಟ್ಟಿಸಿದ್ದು. ಪಲ್ಲಕ್ಕಿಯಲ್ಲಿ ಕೂತಿದ್ದ ಆ ಪುಟ್ಟ ಮನುಷ್ಯ ನಿಜವಾಗಿ ಬದುಕಿದ್ದ, ನಮ್ಮ ಊರಿನಲ್ಲೇ ಸತ್ತ ಅಂತ ಗೊತ್ತಾದಾಗ ಮಕ್ಕಳ ಮುಖ ನೋಡಬೇಕು.

ಸರಸ್ವತಿಪುರಂ:
ಮೇಷ್ಟ್ರೇ, ತುಂಬಾ ಚೆನ್ನಾಗಿ ಹೇಳಿದ್ರಿ. ಬೇಲಿ ಸ್ಮಾರಕದ ಮುಂದೆ ಎಷ್ಟೋ ಸಲ ಹೋಗಿದ್ದೇನೆ. ಆ ಪಲ್ಲಕ್ಕಿಯವನದೇ ಅಂತ ಇವತ್ತು ಗೊತ್ತಾಯ್ತು.

ಪಾಂಡವಪುರ ಪಯಣಿಗ:
ಒಂದು ಪ್ರಶ್ನೆ. ಈಗ ಗೋಡೆ ಮೇಲಿರುವುದು ಟಿಪ್ಪು ಕಾಲದ ಚಿತ್ರ ಅಲ್ಲ, ಬ್ರಿಟಿಷರು ಮತ್ತೆ ಬರೆಸಿದ್ದು ಅಂತ ಕೇಳಿದ್ದೇನೆ. ಹಾಗಿದ್ದರೆ ಅದನ್ನು ಇಷ್ಟು ದೊಡ್ಡದು ಮಾಡಿ ನೋಡುವುದರಲ್ಲಿ ಅರ್ಥ ಇದೆಯಾ? ಜರ್ಮನಿಯದ್ದು ಆ ಚಿತ್ರಗಾರನೇ ಬರೆದದ್ದು. ನಮ್ಮದು ಯಾರದ್ದು ಅಂತಲೇ ಗೊತ್ತಿಲ್ಲ.

ಮಂಡ್ಯ ಮೇಷ್ಟ್ರು:
ನೀವು ಕೇಳಿದ್ದು ನಿಜ. ಆ ಗೋಡೆಗೆ ಆಗಿರೋದು ಒಂದೆರಡಲ್ಲ. ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲದಲ್ಲೇ ಚಿತ್ರ ಅಳಿಸಲಾಗಿತ್ತು ಅನ್ನುತ್ತಾರೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಈ ಮನೆಯಲ್ಲೇ ಉಳಿದುಕೊಂಡ. ಅವನು ಚಿತ್ರವನ್ನು ಸರಿ ಮಾಡಿಸಿದ. ಮುಂದೆ ಮತ್ತೆ ಸುಣ್ಣ ಬಿತ್ತು. 1855ರ ಹೊತ್ತಿಗೆ ಗವರ್ನರ್ ಜನರಲ್ ಡಾಲ್‌ಹೌಸಿ ಮೈಸೂರಿಗೆ ಬಂದವನು, ಮೊದಲಿನ ಚಿತ್ರ ನೆನಪಿದ್ದ ಇಲ್ಲಿಯ ಚಿತ್ರಗಾರನೊಬ್ಬನನ್ನು ಹಿಡಿದು ಮತ್ತೆ ಬರೆಸಿದ.

ತಾವೇ ಸೋತ ಯುದ್ಧದ ಚಿತ್ರವನ್ನು ಬ್ರಿಟಿಷರು ಉಳಿಸಿದ್ದು ಯಾಕೆ ಅನ್ನೋದು ಮಕ್ಕಳಿಗೆ ಕೇಳಬೇಕಾದ ಒಳ್ಳೆ ಪ್ರಶ್ನೆ. ಒಂದೊಂದು ಮಗು ಒಂದೊಂದು ಕಾರಣ ಹೇಳುತ್ತೆ. ಎಲ್ಲ ಕೇಳಿಸಿಕೊಳ್ಳಿ.

ಕುಂಚ ಮೈಸೂರು:
ಪಾಂಡವಪುರದವರ ಪ್ರಶ್ನೆಗೆ ನನ್ನದೊಂದು ಉತ್ತರ ಇದೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಮತ್ತೆ ಬರೆದದ್ದಕ್ಕೆ ಬೆಲೆ ಇಲ್ಲ ಅಂತ ನಾನು ಒಪ್ಪೋದಿಲ್ಲ. ಆ 1855ರ ಚಿತ್ರಗಾರನ ಬಗ್ಗೆ ಯೋಚನೆ ಮಾಡಿ. ಮೂಲ ಚಿತ್ರ ಅವನ ತಲೆಯಲ್ಲಿ ಉಳಿದಿತ್ತು. ಅಷ್ಟು ಕುದುರೆ, ಅಷ್ಟು ಕತ್ತಿ, ಉರುಳಿದ ತಲೆಗಳು, ಪಲ್ಲಕ್ಕಿ, ದುರ್ಬೀನು. ನಮ್ಮಲ್ಲಿ ಚಿತ್ರ ಕಲಿಯೋದೇ ಹಾಗೆ. ಗುರುವಿನ ಗೆರೆಯ ಮೇಲೆ ಗೆರೆ ಎಳೆದು ಎಳೆದು ಕೈಗೆ ಹತ್ತಿಸಿಕೊಳ್ಳೋದು. ಇವತ್ತಿಗೂ ಮೈಸೂರು ಸಂಪ್ರದಾಯದ ಚಿತ್ರ ಕಲಿಯುವವರು ರಾಮಪಟ್ಟಾಭಿಷೇಕವನ್ನು ಹೊಸದಾಗಿ ಕಲ್ಪಿಸಿಕೊಳ್ಳೋದಿಲ್ಲ. ಹಿಂದಿನವರು ಕೂರಿಸಿದ ಜಾಗದಲ್ಲೇ ಎಲ್ಲರನ್ನೂ ಕೂರಿಸುತ್ತಾರೆ. ಆದರೂ ಯಾರ ಕೈ ಅನ್ನೋದು ನೋಡಿದ ತಕ್ಷಣ ಗೊತ್ತಾಗುತ್ತೆ.

ಇನ್ನೊಂದು. ಇದೇ ಪೊಲ್ಲಿಲೂರು ಚಿತ್ರದ ಹಳೆಯ ಪ್ರತಿಗಳು ಕಾಗದದ ಮೇಲೂ ಉಳಿದಿವೆ. ಅಂಥ ಒಂದು ಪ್ರತಿ 2022ರಲ್ಲಿ ಲಂಡನ್ನಿನ ಸಾದ್‌ಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಹತ್ತು ಹಾಳೆ ಜೋಡಿಸಿದ್ದು, ಉದ್ದ 32 ಅಡಿ. ಅದರಲ್ಲೂ ಅದೇ ಚೌಕ, ಅದೇ ಪಲ್ಲಕ್ಕಿ, ಅದೇ ಸಿಡಿಯುವ ಬಂಡಿ. ಅಂದರೆ ಈ ಚಿತ್ರದ ಕಲ್ಪನೆ ಒಂದು ಗೋಡೆಯಲ್ಲಿ ಮಾತ್ರ ಇರಲಿಲ್ಲ, ಶ್ರೀರಂಗಪಟ್ಟಣದ ಚಿತ್ರಗಾರರ ಕೈಯಲ್ಲಿ ಇತ್ತು. ಗೋಡೆಗೆ ಸುಣ್ಣ ಬಳಿದರೂ ಅದು ಹೋಗಲಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿಯೋದು ಬೇರೆ ಕಾರಣಕ್ಕೆ. ಟ್ಯೂಬ್ಕೆಯ ಹೆಸರು ಇಡೀ ಜಗತ್ತಿಗೆ ಗೊತ್ತು. ನಮ್ಮ ಗೋಡೆಯ ಚಿತ್ರ ಬರೆದವರನ್ನು ಹೆಸರು ಹಿಡಿದು ಕರೆಯೋಕಾಗಲ್ಲ. ಬರೆಸಿದವರ ಹೆಸರು ಹೇಳುತ್ತೇವೆ, ಸರಿ ಮಾಡಿಸಿದವರ ಹೆಸರು ಹೇಳುತ್ತೇವೆ. ಬರೆದವರು?

ಲೈಪ್‌ಜಿಗ್ ಕನ್ನಡಿಗ:
ನಮಸ್ಕಾರ. ನಾನು ಕೆ.ಆರ್. ನಗರದವನು, ಕೆಲಸಕ್ಕೆ ಅಂತ ಈ ಕಡೆ ಬಂದಿದ್ದೇನೆ. ಟ್ಯೂಬ್ಕೆಯ ಆ ಪನೋರಮಾ, ಅಂದರೆ ಸುತ್ತಲೂ ಹರಡಿದ ದುಂಡು ಚಿತ್ರ, ನೋಡಿದ್ದೇನೆ. ಅಲ್ಲಿ ಹೇಗಿರುತ್ತೆ ಅಂತ ಹೇಳಿದರೆ ಮೇಡಂಗೆ ಉಪಯೋಗ ಆಗಬಹುದು.

ಮೆಟ್ಟಿಲು ಹತ್ತಿ ಮೇಲೆ ಬಂದರೆ ದೊಡ್ಡ ದುಂಡು ಹಾಲ್. ಬೆಳಕೆಲ್ಲ ಚಿತ್ರದ ಮೇಲೆ. ಚಿತ್ರಕ್ಕೆ ಶುರು ಇಲ್ಲ, ಕೊನೆ ಇಲ್ಲ. ಎಲ್ಲಿಂದ ಬೇಕಾದರೂ ನೋಡಬಹುದು. ಚಳಿಗಾಲ, ವಸಂತ, ಬೇಸಿಗೆ, ಶರತ್ಕಾಲ ಅಂತ ಋತುಗಳು ಒಂದರೊಳಗೊಂದು ಸೇರಿಕೊಂಡು ಸುತ್ತ ಹೋಗುತ್ತವೆ. ಕೆಳಗೆ ಒಂದು ಬಾವಿಯ ಕಟ್ಟೆ. ಅದರ ಸುತ್ತ ಆ ಕಾಲದ ದೊಡ್ಡವರು ನಿಂತಿದ್ದಾರೆ: ಧರ್ಮ ಸುಧಾರಕ ಲೂಥರ್, ಚಿತ್ರಗಾರ ಡ್ಯೂರರ್, ಅಚ್ಚುಮೊಳೆಯ ಗುಟೆನ್‌ಬರ್ಗ್, ಖಗೋಳ ವಿಜ್ಞಾನಿ ಕೊಪರ್ನಿಕಸ್. ಮೇಲೆ ನೋಡಿದರೆ ನೇಣುಗಂಬ, ಮೀನಿನ ಹೊಟ್ಟೆಯೊಳಗೆ ಕೂತ ಜನ, ವೇಷ ಹಾಕಿದವರು, ದೆವ್ವಗಳು. 500 ವರ್ಷ ಹಿಂದಿನವರು ಬರೆದ ಹಾಗೇ ಇದೆ. ಆದರೆ ಬರೆದಿರೋದು ನಮ್ಮ ಅಪ್ಪ ಅಮ್ಮನ ಕಾಲದಲ್ಲಿ.

ಆ ಕ್ಯಾನ್ವಾಸ್ ಒಂದೇ ತುಂಡಾಗಿ ಸೋವಿಯತ್ ಒಕ್ಕೂಟದಲ್ಲಿ ನೇಯಿಸಿದ್ದು. ತೂಕ ಒಂದು ಟನ್ನಿಗಿಂತ ಜಾಸ್ತಿ. ಮ್ಯೂಸಿಯಂ ತೆರೆದದ್ದು 1989ರ ಸೆಪ್ಟೆಂಬರ್ 14ರಂದು. ನವೆಂಬರ್ 9ಕ್ಕೆ ಬರ್ಲಿನ್ ಗೋಡೆ ಬಿತ್ತು. ಮಾರನೇ ವರ್ಷ ಬರೆಸಿದ ದೇಶವೇ ಇರಲಿಲ್ಲ. ಚಿತ್ರ ಇದೆ, ಜನ ಬಂದು ನೋಡುತ್ತಿದ್ದಾರೆ. ಟ್ಯೂಬ್ಕೆ ಕೆಲಸ ಒಪ್ಪಿಕೊಳ್ಳುವಾಗಲೇ ತನಗೆ ಬೇಕಾದ ಹಾಗೆ ಬರೆಯುತ್ತೇನೆ ಅಂತ ಪಟ್ಟು ಹಿಡಿದಿದ್ದ. ಉಳಿದಿರೋದಕ್ಕೆ ಅದೇ ಕಾರಣ ಅಂತ ನನ್ನ ಅಭಿಪ್ರಾಯ.

ಅಲ್ಲಿ ಜನ ಕೂತು ನೋಡುತ್ತಾರೆ. ಕೂರೋಕೆ ಜಾಗ ಇದೆ. ದರಿಯಾ ದೌಲತ್‌ನಲ್ಲೂ ಪೊಲ್ಲಿಲೂರಿನ ಎದುರು ಎರಡು ಬೆಂಚ್ ಇಟ್ಟರೆ ನೋಡುವ ರೀತಿಯೇ ಬದಲಾಗುತ್ತೆ.

ಗಂಜಾಂ ಹುಡುಗ:
ಬೆಂಚ್ ಮಾತು ನೂರಕ್ಕೆ ನೂರು ಸರಿ ಅಣ್ಣ.

ಸರಸ್ವತಿಪುರಂ:
ಬರೀ ಬೆಂಚ್ ಯಾಕೆ? ಈಗ ಎಲ್ಲಾ ಕಡೆ ಲೈಟ್ ಮತ್ತು ಸೌಂಡ್ ಮಾಡ್ತಾರಲ್ಲ. ಗೋಡೆ ಚಿತ್ರವನ್ನು ದೊಡ್ಡ ಪರದೆ ಮೇಲೆ ಹಾಕಿ, ಕುದುರೆ ಓಡೋ ಹಾಗೆ ಮಾಡಿದರೆ ಮಕ್ಕಳು ಇನ್ನೂ ಜಾಸ್ತಿ ನೋಡಲ್ವಾ?

ಕುಂಚ ಮೈಸೂರು:
ಬೇಡ ಮೇಡಂ, ದಯವಿಟ್ಟು ಬೇಡ. ಮಕ್ಕಳು ದಿನಾ ಓಡೋ ಚಿತ್ರಗಳನ್ನೇ ನೋಡುತ್ತಾರೆ. ಈ ಗೋಡೆಯಲ್ಲಿ ಕುದುರೆಗಳು ಆಗಲೇ ಓಡುತ್ತಿವೆ. ಎರಡೂ ಬದಿಯಿಂದ ಸವಾರರು ನುಗ್ಗಿ ಬರೋದನ್ನು ನೋಡಿ. ಮೈಸೂರಿನ ಕಡೆಯ ಕುದುರೆಗಳಿಗೆ ಒಂದೊಂದಕ್ಕೆ ಒಂದೊಂದು ಬಣ್ಣ, ಸವಾರರಿಗೆ ಬೇರೆ ಬೇರೆ ಉಡುಗೆ. ನಡುವೆ ಕಂಪನಿ ಸಿಪಾಯಿಗಳು ಒಂದೇ ಕೆಂಪು, ಒಂದೇ ನಿಲುವು. ಈ ಒಂದು ಉಪಾಯದಿಂದಲೇ ಚಿತ್ರಗಾರರು ಯಾರು ಚಲಿಸುತ್ತಿದ್ದಾರೆ, ಯಾರು ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಹೇಳಿಬಿಟ್ಟಿದ್ದಾರೆ. ಹೈದರ್ ಮತ್ತು ಟಿಪ್ಪುವಿನ ಮುಖ ನೋಡಿ. ಸುತ್ತ ತಲೆ ಉರುಳುತ್ತಿದ್ದರೂ ದಿಬ್ಬಣಕ್ಕೆ ಹೊರಟವರ ಹಾಗೆ ಸಮಾಧಾನವಾಗಿದ್ದಾರೆ. ಚಿತ್ರ ಬರೆಸಿದವರು ತಮ್ಮನ್ನು ಹೀಗೆ ನೋಡಿಕೊಳ್ಳೋಕೆ ಬಯಸಿದ್ದರು. ಇದನ್ನು ಮಕ್ಕಳು ತಾವೇ ಕಂಡುಕೊಳ್ಳಬೇಕಾದರೆ ಚಿತ್ರ ಅಲ್ಲಾಡದೆ ನಿಂತಿರಬೇಕು.

ದೂರದ ವಸ್ತು ಚಿಕ್ಕದು, ಹತ್ತಿರದ್ದು ದೊಡ್ಡದು ಅನ್ನೋ ಲೆಕ್ಕ ಇಲ್ಲಿಲ್ಲ. ನಾವು ಸ್ಕೂಲಿನಲ್ಲಿ ಅದನ್ನೇ ಕಲಿಸುತ್ತೇವೆ, ಆಮೇಲೆ ಮಕ್ಕಳು ಇಂಥ ಚಿತ್ರ ನೋಡಿ ತಪ್ಪು ಅಂದುಕೊಳ್ಳುತ್ತಾರೆ. ತಪ್ಪಲ್ಲ. ಒಂದು ದಿನದ ಯುದ್ಧದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಲ್ಲಿ ನಡೆದದ್ದನ್ನೆಲ್ಲ ಒಟ್ಟಿಗೆ ತೋರಿಸಬೇಕಾದರೆ ಒಂದೇ ಜಾಗದಲ್ಲಿ ನಿಂತು ನೋಡಿದ ಹಾಗೆ ಬರೆಯೋಕಾಗಲ್ಲ. ಟ್ಯೂಬ್ಕೆಗೂ ಇದೇ ಕಷ್ಟ ಇತ್ತು. ಅವನೂ ಹಳಬರ ಈ ದಾರಿಯನ್ನೇ ಹಿಡಿದ.

ಸರಸ್ವತಿಪುರಂ:
ಸರಿ ಮೇಡಂ, ಒಪ್ಪಿದೆ. ನೀವು ಹೀಗೆ ಹೇಳಿದ ಮೇಲೆ ನಾನೇ ಒಂದು ಸಲ ಹೋಗಿ ನಿಂತು ನೋಡಬೇಕು ಅನಿಸ್ತಿದೆ.

ಮಂಡ್ಯ ಮೇಷ್ಟ್ರು:
ಲೈಪ್‌ಜಿಗ್‌ನವರು ಪನೋರಮಾ ಅಂದದ್ದಕ್ಕೆ ನೆನಪಾಯಿತು. ನಮ್ಮ ಶ್ರೀರಂಗಪಟ್ಟಣದ್ದೇ ಒಂದು ಪನೋರಮಾ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತು? 1799ರ ಮೇ 4ರಂದು ಕೋಟೆ ಬಿತ್ತು. ಮಾರನೇ ವರ್ಷವೇ, ಅಂದರೆ 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಗಾರ ಕೋಟೆಗೆ ನುಗ್ಗಿದ ಘಟನೆಯನ್ನು ಸುಮಾರು 120 ಅಡಿ ಉದ್ದದ ಕ್ಯಾನ್ವಾಸ್ ಮೇಲೆ ಬರೆದ. ಲಂಡನ್ನಿನ ಲೈಸಿಯಂನಲ್ಲಿ ಅರ್ಧ ದುಂಡಗೆ ನಿಲ್ಲಿಸಿದ್ದರು. ಜನ ದುಡ್ಡು ಕೊಟ್ಟು ನೋಡಿದರು. ಅವನು ಕಾವೇರಿ ನೋಡಿದವನಲ್ಲ, ಕೋಟೆ ನೋಡಿದವನಲ್ಲ. ಬರೆಯೋಕೆ ತೆಗೆದುಕೊಂಡದ್ದು ಕೆಲವೇ ವಾರ. ಮುಂದೆ ಆ ಚಿತ್ರ ಬೆಂಕಿಗೆ ಸಿಕ್ಕಿ ಹೋಯಿತು. ಅದನ್ನು ನೋಡಿ ಮಾಡಿದ ಅಚ್ಚಿನ ಚಿತ್ರಗಳು ಮಾತ್ರ ಉಳಿದವು.

ದರಿಯಾ ದೌಲತ್‌ನ ಒಳಗೆ ಪುರಾತತ್ವ ಇಲಾಖೆಯವರು 1959ರಲ್ಲಿ ಮ್ಯೂಸಿಯಂ ಮಾಡಿದರು. ಅಲ್ಲಿ ಕೆರ್ ಪೋರ್ಟರ್ ಹೆಸರಿನಲ್ಲಿ ಇದೇ ಘಟನೆಯ ಒಂದು ತೈಲಚಿತ್ರ ಇದೆ. ಮೇಡಂ, ಮಕ್ಕಳಿಗೆ ಅದನ್ನೂ ತೋರಿಸಿ. ಹೊರಗಿನ ಗೋಡೆಯಲ್ಲಿ ಮೈಸೂರು ಗೆದ್ದ ಕಥೆ, ಒಳಗಿನ ಚೌಕಟ್ಟಿನಲ್ಲಿ ಮೈಸೂರು ಸೋತ ಕಥೆ. ಎರಡರಲ್ಲೂ ಗೆದ್ದವರು ಹೇಗೆ ನಿಂತಿದ್ದಾರೆ, ಸೋತವರು ಹೇಗೆ ಬಿದ್ದಿದ್ದಾರೆ ಅಂತ ಮಕ್ಕಳು ಹೋಲಿಸಿ ನೋಡಲಿ.

ಪಾಂಡವಪುರ ಪಯಣಿಗ:
ಮೇಷ್ಟ್ರೇ, ಇದು ನನಗೆ ಪೂರ್ತಿ ಹೊಸದು. ಧನ್ಯವಾದ. ನನ್ನ ಪ್ರಶ್ನೆಗೆ ಮೇಡಂ ಕೊಟ್ಟ ಉತ್ತರವೂ ಮನಸ್ಸಿಗೆ ಹಿಡಿಸಿತು.

ಹೆಸರಿನ ಮಾತು ಬಂತಲ್ಲ, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಅವು ಫೋಟೋಗಳನ್ನು ಇಟ್ಟುಕೊಂಡು ಬರೆದವು. ಕುದುರೆ ಹಿಡಿದವನು, ಛತ್ರಿ ಹಿಡಿದವನು, ಎಲ್ಲರೂ ನಿಜವಾದ ಜನ. ಬರೆದವರೂ ಯಾರು ಅಂತ ಗೊತ್ತು: ಕೇಶವಯ್ಯ, ನಾಗರಾಜು, ಸುಬ್ರಹ್ಮಣ್ಯ ರಾಜು ಮುಂತಾದವರು, ಮೈಸೂರಿನವರೇ. ಆದರೂ ಅರಮನೆ ನೋಡೋಕೆ ಬಂದ ನೂರು ಜನರನ್ನು ಕೇಳಿದರೆ ಒಂದು ಹೆಸರು ಹೇಳುವವರು ಸಿಗೋದು ಕಷ್ಟ. ಜಗನ್ಮೋಹನ ಅರಮನೆಯ ರವಿವರ್ಮನ ಹೆಸರು ಎಲ್ಲರಿಗೂ ಗೊತ್ತು.

ಲೈಪ್‌ಜಿಗ್ ಕನ್ನಡಿಗ:
ನಿಜ. ರೈತರ ದಂಗೆಯ ಚಿತ್ರ ನೋಡುವಾಗ ನನಗೆ ಇನ್ನೊಂದು ಅನಿಸಿತ್ತು. ನಮ್ಮಲ್ಲೂ 1830ರಲ್ಲಿ ನಗರ ಸೀಮೆಯ, ಅಂದರೆ ಈಗಿನ ಶಿವಮೊಗ್ಗ ಕಡೆಯ, ರೈತರು ಕಂದಾಯದ ವಿರುದ್ಧ ಎದ್ದರು. ಅದರ ನೆಪ ಹಿಡಿದು 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನೇ ಕಿತ್ತುಕೊಂಡರು. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ಆಯಿತು. ಅಲ್ಲಿ ಸತ್ಯಾಗ್ರಹ ಸೌಧ ಇದೆ. ಅದರೊಳಗೆ ಹೊಲದವರು, ಗಾಡಿಯವರು, ಹೆಂಗಸರು, ಪೊಲೀಸರು ಎಲ್ಲರೂ ಇರುವ ಗೋಡೆ ತುಂಬುವ ಒಂದು ಚಿತ್ರ ಯಾರಾದರೂ ಬರೆದರೆ ಹೇಗಿರುತ್ತೆ ಅಂತ ಯೋಚಿಸಿ. ಕಾವಾ ಕಲಾ ಕಾಲೇಜಿನಲ್ಲಿ ಕಲಿತ ಒಳ್ಳೊಳ್ಳೆ ಚಿತ್ರಗಾರರು ಮೈಸೂರಿನಲ್ಲೇ ಇದ್ದಾರೆ. ಅವರಿಗೆ ಗೋಡೆ ಕೊಟ್ಟು, ನಾಲ್ಕು ವರ್ಷ ಸಮಯ ಕೊಟ್ಟು, ಹೀಗೇ ಬರೆಯಿರಿ ಅಂತ ಯಾರೂ ಅಡ್ಡ ಬರದೆ ಇರಬೇಕು. ಮೂರನೆಯದೇ ಕಷ್ಟದ ಮಾತು.

ಮಂಡ್ಯ ಮೇಷ್ಟ್ರು:
ಶಿವಪುರದ ಮಾತು ಹೇಳಿದ್ದು ಸಂತೋಷ ಆಯ್ತಪ್ಪ. ನಮ್ಮ ಜಿಲ್ಲೆಯ ಮಕ್ಕಳಿಗೇ ಅದು ಸರಿಯಾಗಿ ಗೊತ್ತಿಲ್ಲ.

ಕುಂಚ ಮೈಸೂರು:
ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಇದನ್ನೆಲ್ಲ ಓದಿ ಹೀಗೆ ಮಾಡೋಣ ಅಂತ ತೀರ್ಮಾನಿಸಿದ್ದೇನೆ.

ಬೆಳಿಗ್ಗೆ ಬೇಗ ಹೊರಟು ನೇರ ಪಡುವಣ ಗೋಡೆಗೆ. ಮೊದಲ ಕಾಲು ಗಂಟೆ ನಾನು ಏನೂ ಹೇಳೋದಿಲ್ಲ. ಮಕ್ಕಳು ನೋಡಲಿ. ಆಮೇಲೆ ಪಲ್ಲಕ್ಕಿ, ಬಂಡಿ, ದುರ್ಬೀನು ಹುಡುಕಲಿ. ಪ್ರತಿಯೊಬ್ಬರೂ ಹೆಸರಿಲ್ಲದ ಒಬ್ಬ ಸಿಪಾಯಿಯನ್ನೋ ಸವಾರನನ್ನೋ ಆರಿಸಿಕೊಂಡು ಪುಸ್ತಕದಲ್ಲಿ ಬರೆದುಕೊಳ್ಳಲಿ. ಮೂಡಣ ಗೋಡೆಯ ಮೇಲಿನ ರಾಜರುಗಳ ದರ್ಬಾರಿನ ಚಿತ್ರಗಳನ್ನು ಬೇಗ ತೋರಿಸಿ ಮುಗಿಸುತ್ತೇನೆ. ಅದರಲ್ಲಿ ಚಿತ್ರದುರ್ಗದ ಮದಕರಿ ನಾಯಕನನ್ನು ಮಾತ್ರ ನಿಂತು ನೋಡಲೇಬೇಕು, ಮಕ್ಕಳಿಗೆ ಆ ಹೆಸರು ಗೊತ್ತಿರುತ್ತೆ. ನಂತರ ಒಳಗೆ ಕೆರ್ ಪೋರ್ಟರ್, ಕೊನೆಗೆ ಬೇಲಿಯ ಸ್ಮಾರಕ.

ವಾಪಸ್ ಬಂದ ಮೇಲೆ ಉದ್ದನೆಯ ಕಾಗದ ಹಾಸಿ ಇಡೀ ತರಗತಿ ಸೇರಿ ಒಂದೇ ಚಿತ್ರ ಬರೆಯಬೇಕು. ವಿಷಯ ಯುದ್ಧವೇ ಆಗಬೇಕಿಲ್ಲ. ಶಿವಪುರ ಆಗಬಹುದು, ಅವರವರ ಊರಿನ ಹಬ್ಬ ಆಗಬಹುದು, ಅವರೇ ಮಾತಾಡಿಕೊಂಡು ಆರಿಸಲಿ. ಯಾರು ಯಾವ ಭಾಗ ಬರೆದರು ಅಂತ ಚಿತ್ರದ ಕೆಳಗೇ ಹೆಸರು ಬರೆಸುತ್ತೇನೆ, ಬಣ್ಣ ಕಲೆಸಿಕೊಟ್ಟವರದ್ದೂ ಸೇರಿಸಿ.

ಅಷ್ಟು ಉದ್ದದ ಕಾಗದ ಮೈಸೂರಿನಲ್ಲಿ ಎಲ್ಲಿ ಸಿಗುತ್ತೆ? ಡ್ರಾಯಿಂಗ್ ಶೀಟ್ ಅಂಟಿಸಿದರೆ ಬಣ್ಣ ಹಾಕುವಾಗ ಅಂಟು ಬಿಡುತ್ತೆ.

ಪಾಂಡವಪುರ ಪಯಣಿಗ:
ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೇಳಿ ಮೇಡಂ. ಪೇಪರ್ ರೀಲ್ ಮುಗಿಯೋ ಹೊತ್ತಿಗೆ ಉಳಿಯೋ ತುದಿ ಕಡಿಮೆ ಬೆಲೆಗೆ ಕೊಡುತ್ತಾರೆ. ತೆಳು ಇರುತ್ತೆ, ನೀರು ಬಣ್ಣಕ್ಕೆ ತಡೆಯಲ್ಲ. ಕ್ರೇಯಾನ್ಸ್‌ಗೆ ಆಗುತ್ತೆ. ಬಣ್ಣ ಹಚ್ಚಲೇಬೇಕು ಅಂದರೆ ಕಾಡಾ ಬಟ್ಟೆ ತಗೊಳ್ಳಿ, ಮೈದಾ ಗಂಜಿ ಹಚ್ಚಿ ಒಣಗಿಸಿ, ಅದರ ಮೇಲೆ ಪೋಸ್ಟರ್ ಕಲರ್ ಚೆನ್ನಾಗಿ ಕೂರುತ್ತೆ.

ಗಂಜಾಂ ಹುಡುಗ:
ಬರೋ ದಿನ ಇಲ್ಲಿ ಬರೆಯಿರಿ ಮೇಡಂ. ಗುಂಬಜ್ ಕಡೆ ಹೋಗೋಕೆ ದಾರಿ ತೋರಿಸೋಕೆ ನಾನು ಬರ್ತೀನಿ. ಮೇಷ್ಟ್ರೂ ಬಂದರೆ ಇನ್ನೂ ಒಳ್ಳೇದು.

ಮಂಡ್ಯ ಮೇಷ್ಟ್ರು:
ಬರ್ತೀನಪ್ಪ. ಶನಿವಾರ ಇಟ್ಟುಕೊಳ್ಳಿ, ಭಾನುವಾರ ತುಂಬಾ ಜನ ಇರ್ತಾರೆ. ಗೋಡೆ ಮುಂದೆ ನಿಲ್ಲೋಕೆ ಆಗಲ್ಲ.